ಒತ್ತಿದವರು ಮುಂದ ಕೂಡಬೇಕು

ದುರಗಮ್ಮ ಮತ್ತೊಂದು ಕಡ್ಡಿ ಗೀರಿದಳು. ಬತ್ತಿ ಚಿಟಿಚಿಟಿ ಎಂದು, ಕರಿ ಹೊಗೆ ಕಾರಿ, ಮುನಿಸಿಕೊಂಡಂತೆ ಆರಿಹೋಯಿತು.

"ಎಣ್ಣಿ ತುಂಬ ಹಾಕೇನಿ, ಬತ್ತಿ ಹೊಸಾದು ಹೊಸದೇನಿ. ಹತ್ತವಲ್ದು ನೋಡ್ರೆವ್ವಾ," ಎಂದು ಆಕೆ ಸುತ್ತ ಕುಳಿತ ಹೆಂಗಸರ ಕಡೆ ತಿರುಗಿದಳು. "ನಮ್ಮ ಮೋನವ್ವನ ಜೀವಕ್ಕ ಸಮಾಧಾನ ಇಲ್ಲ. ಏನೋ ದೋಷ ಆಗೇದ."

"ಮಂದಿ ಕಾರಿನ್ಯಾಗ ಕುಂತಲ್ಲೇ ಹೋತಲ್ಲ ಜೀವ, ಅದಕ್ಕ," ಎಂದಿತು ಗುಂಪಿನಿಂದ ಒಂದು ದನಿ.

ಸುನೀಲಕುಮಾರ ಹೂವಿನ ಬುಟ್ಟಿ ಕೆಳಗಿಟ್ಟು, ಬಗ್ಗಿ ಪಣತಿಯನ್ನು ಮೂಸಿ ನೋಡಿದ. ಹುಟ್ಟಿದಾಗಿನಿಂದ ಮೂಗಿಗೆ ಹತ್ತಿದ ವಾಸನೆ ಅದು.

"ಅತ್ತಿ, ಈ ಎಣ್ಣಿ ಎಲ್ಲಿಂದ ತಂದಿ?"

"ಅಲ್ಲೇ ಗಾಡಿ ಹಿಂದಿನ ಗಾಲಿ ಬಲ್ಲಿ ಬಾಟ್ಲಿ ತುಂಬ ಇತ್ತಲ್ಲೋ. ನಿಮ್ಮಪ್ಪಗ ಮೊದಲ ಖಬರಿಲ್ಲ, ನಾಯಿ ಉರುಳಿಸಿ ಗಿರುಳಿಸೀತು ಅಂತ ನಾನೇ ಎತ್ತಿ ತಂದೆ."

"ಅದು ಬ್ರೇಕ್ ಆಯಿಲ್ ಅತ್ತಿ."

ದುರಗಮ್ಮ ಪಣತಿಯನ್ನೂ ತಮ್ಮನ ಮಗನನ್ನೂ ನೋಡಿದಳು. "ಆಯಿಲ್ ಅಂದ್ರ ಎಣ್ಣೀನ ಅಲ್ಲೇನೋ?"

'ದೀಪ ಹತ್ತಾಂಗಿಲ್ಲ ಅತ್ತಿ, ಆದ್ರ ಓಡಿ ಹೋಗೂ ಜೀವಾನ ಗಕ್ಕನ ನಿಂದರಸ್ತದ' ಎಂಬ ಮಾತು ಸುನೀಲಕುಮಾರನ ನಾಲಗೆಯ ತುದಿಗೆ ಬಂದು ಕುಳಿತಿತು. ಬೇರೆ ದಿನವಾಗಿದ್ದರೆ ಬಿಟ್ಟೇಬಿಡುತ್ತಿದ್ದ. ಆದರೆ ಇಂಥ ಮಾತಿಗೆ ಮೊದಲು ನಗುತ್ತಿದ್ದವಳು, ನಕ್ಕು 'ಥೂ ನಿನ್ನ' ಎಂದು ಬೆನ್ನಿಗೆ ಗುದ್ದುತ್ತಿದ್ದವಳು ಅವ್ವ ಒಬ್ಬಳೇ. ಅವಳು ಗೋಡೆಗೆ ಆನಿಸಿದ ಕಟ್ಟಿಗೆಯ ಖುರ್ಚಿಯಲ್ಲಿ ಹಸಿರು ಸೀರೆ ಉಟ್ಟು, ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು, ಸೇವಂತಿಗೆ ಹಾರದ ಹಿಂದೆ ಕುಳಿತಿದ್ದಳು. ಹೋದವರನ್ನು ಮಲಗಿಸುವುದು ಅವರ ಓಣಿಯಲ್ಲಿ ಇಲ್ಲ, ಕೂಡಿಸಿಯೇ ಕಳಿಸುತ್ತಾರೆ.

"ಬಾಯಿಲ್ಲದ ಹೆಣ್ಮಗಳು ಪಾಪ," ಎಂದಳು ಓಣಿಯ ಒಬ್ಬಾಕೆ ಮೂಗು ಒರೆಸಿಕೊಂಡು. "ಒಂದು ದಿನಾ ದನಿ ಎತ್ತಿದಾಕಿ ಅಲ್ಲ."

"ಗಂಡ ದುಡದ, ಈಕಿ ನೆಳ್ಳಾಗ ಕುಂತಳು. ಪುಣ್ಯವಂತಿ. ಕಾರಿನ್ಯಾಗ ಕೂಡೂದ ಅಲ್ಲೇನ ಕೆಲಸ ಆಕೀದು?"

ಸುನೀಲಕುಮಾರನ ಮೈಯೆಲ್ಲ ಉರಿದುಹೋಯಿತು. ಸಿನಿಮಾದಲ್ಲಾಗಿದ್ದರೆ ಹೀರೋ ಈ ಹೊತ್ತಿಗೆ ಮೇಜು ಗುದ್ದಿ 'ನಿಲ್ಲಿಸ್ರೀ' ಎನ್ನಬೇಕು. ಗಾಳಿ ಬೀಸಬೇಕು, ಹಿಂದೆ ತಮಟೆ ಬಡಿಯಬೇಕು. ಇಲ್ಲಿ ಮೇಜೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಬಾಯಿಲ್ಲದಾಕಿಯಂತೆ! ಇವರು ಯಾವ ಮೋನಮ್ಮನನ್ನು ಮಣ್ಣು ಮಾಡಲು ಬಂದಿದ್ದಾರೆ? ವಿಳಾಸ ತಪ್ಪಿ ಬಂದರೇನು?

ಅಂಗಳದ ನಡುವೆ, ಮನೆಗೂ ರಸ್ತೆಗೂ ಮಧ್ಯೆ, ಆ ಬಿಳಿ ಕಾರು ನಾಲ್ಕೂ ಗಾಲಿ ಬಿಚ್ಚಿಸಿಕೊಂಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಬಂದವರೆಲ್ಲ ಅದನ್ನು ಸುತ್ತಿಕೊಂಡು ಬರಬೇಕಿತ್ತು. ಸುತ್ತುವಾಗ ಪ್ರತಿಯೊಬ್ಬರೂ ಡ್ರೈವರ್ ಸೀಟನ್ನು ಒಮ್ಮೆ ಇಣುಕುತ್ತಿದ್ದರು.

*

ಸುರಪುರದ ಗುಡ್ಡದ ಅಂಚಿನಲ್ಲಿ, ರಸ್ತೆ ಇಳಿಜಾರಾಗಿ ಕೆಳಗೆ ಧುಮುಕುವ ಕಡೆ, ತಾಯಪ್ಪನ ಗ್ಯಾರೇಜು. ಮನೆಯ ಮುಂದಿನ ಅಂಗಳಕ್ಕೆ ತಗಡು ಹೊದಿಸಿದ್ದೇ ಗ್ಯಾರೇಜು. ಆ ಇಳಿಜಾರಿನ ಪುಣ್ಯದಿಂದ ಅವನಿಗೆ ಬ್ರೇಕಿನ ಕೆಲಸ ತಪ್ಪಿದ್ದಿಲ್ಲ.

ಬ್ರೇಕಿನ ಹಳೆ ಎಣ್ಣೆ ತೆಗೆದು ಹೊಸದು ತುಂಬುವ ಕೆಲಸ ಒಬ್ಬರದಲ್ಲ. ಒಬ್ಬರು ಒಳಗೆ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಗಾಲಿಯ ಬಳಿ ಕುಳಿತು ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಬೇಕು. ಒಳಗಿನ ಎಣ್ಣೆ, ಗಾಳಿಯ ಗುಳ್ಳೆ ಎಲ್ಲ ಕೊಳವೆಯಿಂದ ಬಾಟ್ಲಿಗೆ ಬರುತ್ತದೆ. ತಿರುಪು ಬಿಗಿಯುವ ತನಕ ಒಳಗಿನವರು ಕಾಲು ತೆಗೆಯುವಂತಿಲ್ಲ. ತೆಗೆದರೆ ಬ್ರೇಕು ಗಾಳಿ ನುಂಗುತ್ತದೆ. ಗಾಳಿ ನುಂಗಿದ ಬ್ರೇಕು ಕಾಲಿಗೆ ಹಿಟ್ಟಿನ ಮುದ್ದೆಯಂತೆ ಸಿಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಬೋನಾಳದಿಂದ ಸೊಸೆಯಾಗಿ ಬಂದ ಮೋನಮ್ಮ, ಕೆಲಸದ ಹುಡುಗ ಬಾರದ ಒಂದು ದಿನ ಗಂಡ ಕರೆದನೆಂದು ಪೆಡಲ್ ಒತ್ತಲು ಕುಳಿತಳು. ಅಂದಿನಿಂದ ಆ ಸೀಟು ಬಿಡಲಿಲ್ಲ. ಗಿಡ್ಡ ಹೆಂಗಸು, ಕಾಲು ಎಟುಕದೆ ಸೀಟನ್ನು ಮುಂದೆ ಮುಂದೆ ಎಳೆದುಕೊಂಡು ಸ್ಟೇರಿಂಗಿಗೆ ಎದೆ ಹಚ್ಚಿ ಕೂಡುತ್ತಿದ್ದಳು.

"ಒತ್ತು," ಎನ್ನುತ್ತಿದ್ದ ತಾಯಪ್ಪ ಗಾಲಿಯ ಹಿಂದಿನಿಂದ. "ಹಿಡಿ."

"ಹಿಡದೇನಿ."

ಆ ಮಾತು ಬಂದ ಮೇಲೆಯೇ ತಿರುಪು ಬಿಚ್ಚುವ ಅವನ ಪಾನಾ ತಿರುಗುತ್ತಿತ್ತು. ಬಾರದಿದ್ದರೆ ಸಂಜೆಯಾದರೂ ತಿರುಗುತ್ತಿರಲಿಲ್ಲ. ತಿರುಪು ಬಿಗಿದು "ಬಿಡು" ಎಂದ ಮೇಲೆ ಅವಳ ಕಾಲು ಮೇಲೆ ಬರುತ್ತಿತ್ತು. ಊರ ಜೀಪು, ಶಾಲೆಯ ವ್ಯಾನು, ಡಾಕ್ಟರ ಕಾರು, ಎಲ್ಲಕ್ಕೂ ಇದೇ ಮಾತು.

ಉಳಿದ ಹೊತ್ತಿನಲ್ಲಿ ಆ ಹೆಂಗಸಿನಂಥ ಮಸ್ಕಿರಿ ಇನ್ನೊಂದು ಹುಟ್ಟಿರಲಿಲ್ಲ. ತಾಯಪ್ಪ ಬಾನೆಟ್ಟಿನೊಳಗೆ ತಲೆ ಇಟ್ಟ ಹೊತ್ತು ನೋಡಿ ಹಾರ್ನ್ ಒತ್ತುತ್ತಿದ್ದಳು. ಅವನ ತಲೆ ಬಾನೆಟ್ಟಿಗೆ ಟಣ್ ಎನ್ನುತ್ತಿತ್ತು. ಗಿರಾಕಿಗಳ ಕೂಲಿಂಗ್ ಗ್ಲಾಸ್ ಏರಿಸಿಕೊಂಡು ಕನ್ನಡಿಗೆ ಡೈಲಾಗ್ ಹೊಡೆಯುತ್ತಿದ್ದಳು: "ಲೇ ತಾಯಪ್ಪಾ! ನೀ ಗಾಲಿ ಬಿಚ್ಚೂ ಗಂಡಸಾದ್ರ, ನಾ ಗಾಲಿ ನಿಂದರಸೂ ಹೆಂಗಸು!" ಎದುರಿಗೆ ನಿಂತ ಮಗ ಸುನೀಲಕುಮಾರ ಸಿಳ್ಳೆ ಹಾಕಿ ಚಿಲ್ಲರೆ ತೂರುತ್ತಿದ್ದ. ಅವನು ಯಾದಗಿರಿಯ ಮೊಬೈಲ್ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ ಅದೇ ಆಟ ಫೋನಿಗೆ ಬಂತು. "ಹಲೋ. ಡಾನ್ ಮಾತಾಡಾಕತ್ತೇನಿ. ನಿನ್ನ ಸುತ್ತ ನಮ್ಮ ಮಂದಿ ನಿಂತಾರ. ಖರೇ ಹೇಳು, ಉಂಡೀ ಇಲ್ಲೋ?"

ಆದರೆ ನಿಪ್ಪಲ್ ಬಿಚ್ಚಿದ ಹೊತ್ತಿನಲ್ಲಿ ಮಾತ್ರ ಒಂದು ನಗೆಯೂ ಇರಲಿಲ್ಲ, ಒಂದು ಹಾರ್ನೂ ಇರಲಿಲ್ಲ. "ಅದು ಮಂದಿ ಜೀವದ್ದು," ಎನ್ನುತ್ತಿದ್ದಳು.

ಟ್ರಯಲ್ಲಿನ ಕಾಯಿದೆಯನ್ನು ಮಾಡಿದವಳೂ ಅವಳೇ. ಮೊದಲ ಸಲ ತಾಯಪ್ಪ ಬ್ರೇಕು ಪರೀಕ್ಷಿಸಲು ಇಳಿಜಾರಿಗೆ ಹೊರಟಾಗ ಬಾಗಿಲು ತೆಗೆದು ಪಕ್ಕದಲ್ಲಿ ಕುಳಿತುಬಿಟ್ಟಳು. "ಒತ್ತಿದಾಕಿ ನಾ. ಬ್ರೇಕ್ ಬೀಳದಿದ್ರ ಮೊದಲ ನನಗ ಗೊತ್ತಾಗಲಿ." ಅಂದಿನಿಂದ ಒತ್ತಿದವರು ಮುಂದೆ ಕೂಡಬೇಕು. ಇಳಿಜಾರಿನ ಬುಡದಲ್ಲಿ ತಾಯಪ್ಪ ಬ್ರೇಕು ತುಳಿಯುತ್ತಿದ್ದ. ಗಾಡಿ ಗಕ್ಕನೆ ನಿಂತಾಗ ಅವಳ ಮೈ ಮುಂದಕ್ಕೆ ಬಾಗಿ ಹಿಂದಕ್ಕೆ ಬಂದು, ಅದೇ ಓಘದಲ್ಲಿ ತಲೆ ಒಮ್ಮೆ 'ಹೂಂ' ಎಂದು ಆಡುತ್ತಿತ್ತು. ಆ 'ಹೂಂ' ಆದ ಮೇಲೆಯೇ ಕೀಲಿ ಗಿರಾಕಿಯ ಕೈಗೆ.

"ಹಿಂಗ ಬೋನಾಳ ತನಕ ಹೋಗಿ ಕೆರಿಯಾಗಿನ ಹಕ್ಕಿ ನೋಡಿ ಬರೂಣಲ್ಲ," ಎನ್ನುತ್ತಿದ್ದಳು.

"ಗಿರಾಕಿ ಗಾಡಿ ಮೋನಾ," ಎಂದು ತಾಯಪ್ಪ ಅಲ್ಲಿಂದಲೇ ತಿರುಗಿಸುತ್ತಿದ್ದ. ಲೆಕ್ಕವಿಲ್ಲದಷ್ಟು ಕಾರುಗಳಲ್ಲಿ ಕುಳಿತವಳು ಆ ಇಳಿಜಾರಿಗಿಂತ ಆಚೆ ಹೋದದ್ದು ಬಸ್ಸಿನಲ್ಲಿಯೇ.

*

ಬಿಳಿ ಕಾರಿನ ಒಡೆಯ ಪ್ರವೀಣಕುಮಾರ ಬೈಕಿನ ಮೇಲೆ ಬಂದ. ಗೊಬ್ಬರದ ಅಂಗಡಿಯ ಸಾವ್ಕಾರ. ಇಸ್ತ್ರಿ ಮುರಿಯದ ಅಂಗಿ. ಅಂಗಳದ ಅಂಚಿನಲ್ಲಿಯೇ ನಿಂತು ಖುರ್ಚಿಯ ಕಡೆಗೆ ಅರ್ಧ ಕೈ ಮುಗಿದ. ಉಳಿದ ಅರ್ಧದಲ್ಲಿ ತಾಯಪ್ಪನನ್ನು ಕರೆದ.

"ಆಗಬಾರದಿತ್ತು ತಾಯಪ್ಪ. ಇರ್ಲಿ, ದೈವ. ಗಾಡಿ ಎಂದ ಕೊಡ್ತಿ?"

ತಾಯಪ್ಪ ಎದ್ದು ಕಾರಿನ ಬಳಿ ಬಂದ.

"ಇಲ್ಲೇ ಏನು ಆಕಿ..." ಪ್ರವೀಣಕುಮಾರ ಕಿಟಕಿಯೊಳಗೆ ಬೆರಳು ತೋರಿಸಿದ, ಗಾಜಿಗೆ ತಾಗದಂತೆ. "ಈ ಸೀಟಿನ್ಯಾಗ?"

"ಹೌದ್ರಿ," ಎಂದ ಸುನೀಲಕುಮಾರ.

"ಮನ್ಯಾಗ ತಂಗಿ ಮದಿವಿ ಅದ, ಇದೇ ಗಾಡ್ಯಾಗ ಮದುಮಕ್ಕಳನ್ನ ತರೂದದ. ಒಂದು ಕೆಲಸ ಮಾಡ್ರಿ. ಆ ಸೀಟಿನ ಕವರ್ ಹರದು ಒಗಿರಿ. ಒಳಗ ಗಂಜಲಾ ಗಿಂಜಲಾ ನಾ ಹೊಡಸ್ಕೋತೀನಿ. ಹೆಣಾ ಅಂದ್ರ ಹೆಣಾನ; ಅದರಾಗ ಮತ್ತ ನಿಮ್ಮ ಮಂದಿ..." ಎಂದವನು ಸುತ್ತ ನೋಡಿ ದನಿ ತಗ್ಗಿಸಿದ. "ತಪ್ಪ ತಿಳಕೋಬ್ಯಾಡ. ನಾ ಅಂಥಾದೆಲ್ಲ ಮಾಡೂ ಪೈಕಿ ಅಲ್ಲ. ಮನ್ಯಾಗ ಹಿರೇರು ಅದಾರ."

ಡೈಲಾಗ್ ಹೊಡೆಯುವವರಿಗೆ ಒಂದು ಶಾಪವಿದೆ. ಸಿನಿಮಾದ ಖಳನಿಗೆ ಹೇಳಲು ನೂರು ಮಾತು ಬಾಯಲ್ಲಿರುತ್ತವೆ. ನಿಜವಾದ ಖಳ ಮೆತ್ತಗೆ, ನಗುನಗುತ್ತ, 'ತಪ್ಪ ತಿಳಕೋಬ್ಯಾಡ' ಎಂದು ಎದುರಿಗೆ ನಿಂತಾಗ ಒಂದೂ ಒದಗುವುದಿಲ್ಲ. ಸುನೀಲಕುಮಾರ ಒಂದು ಹೆಜ್ಜೆ ಮುಂದೆ ಬಂದ. ಇವನ ತಂಗಿ ಸುರಕ್ಷಿತವಾಗಿ ಗಂಡನ ಮನೆ ಸೇರಲೆಂದು ಕಾಲು ಒತ್ತಿ ಹಿಡಿದವಳು ಅವಳು. ಕಾಲು ಬೇಕು, ಕುಳಿತ ಸೀಟು ಬೇಡ!

"ನಿಮ್ಮ ಮಂದಿ ಅಂದ್ರ ಯಾವ ಮಂದಿ ಸಾವ್ಕಾರ್ರ? ಪೂರ್ತಿ ಹೇಳ್ರಿ, ಕೇಳೂಣು."

"ಏ ಸುನ್ಯಾ," ಎಂದ ತಾಯಪ್ಪ. ಅಷ್ಟೇ. ಆಮೇಲೆ ಪ್ರವೀಣಕುಮಾರನತ್ತ ತಿರುಗಿದ. "ಗಾಡಿ ಇವತ್ತ ಕೊಡ್ತೀನ್ರಿ."

"ಇವತ್ತ?" ದುರಗಮ್ಮ ಪಣತಿ ಬಿಟ್ಟು ಎದ್ದು ಬಂದಳು. "ಹೆಣಾ ಮನಿಮುಂದ ಕುಂತದ, ನೀ ಪಾನಾ ಹಿಡಿತಿ? ಮಂದಿ ಮಾರಿಗೆ ಉಗುಳ್ತಾರ ತಾಯಪ್ಪಾ!"

"ಉಗುಳಲಿ ಅಕ್ಕಾ."

"ಗಾಲಿ ಹಾಕಿ ಕೊಟ್ಟಬಿಡು, ನಾ ಈಗ ಒಯ್ತೀನಿ," ಎಂದ ಪ್ರವೀಣಕುಮಾರ. "ಉಳಿದದ್ದು ಬ್ಯಾರೆ ಕಡೆ ಮಾಡಸ್ಕೋತೀನಿ."

"ಒಯ್ಯಾಕ ಬರೂದಿಲ್ರಿ. ಗಾಡಿ ಗಾಳಿ ನುಂಗ್ಯದ. ಶಹಾಪುರದ ಮೇಸ್ತ್ರಿ ನಯೀಮ ಬರಾಕತ್ತಾನ."

*

ಹಿಂದಿನ ದಿನ ಹೊತ್ತು ಇಳಿಯುವಾಗ ತಾಯಪ್ಪ ಇದೇ ಕಾರಿನ ಹಿಂದಿನ ಎಡಗಾಲಿಯ ಬಳಿ ಕುಳಿತಿದ್ದ.

"ಒತ್ತು. ಹಿಡಿ."

"ಹಿಡದೇನಿ."

ಪಾನಾ ತಿರುಗಿತು. ಕೊಳವೆಯೊಳಗೆ ಕಂದು ಎಣ್ಣೆ ಹರಿಯಿತು. ಆಗ ಹಾರ್ನ್ ಆಯಿತು.

"ಏ ಮೋನಾ, ನಿಪ್ಪಲ್ ಬಿಚ್ಚೇದ! ಈಗೇನ ಮಸ್ಕಿರಿ?"

ಹಾರ್ನ್ ನಿಲ್ಲಲಿಲ್ಲ. ಬೈಯಲು ಇನ್ನೊಮ್ಮೆ ಬಾಯಿ ತೆರೆದವನಿಗೆ ಹೊಳೆಯಿತು. ನಿಪ್ಪಲ್ ಬಿಚ್ಚಿದಾಗ ಅವಳು ಹಾರ್ನ್ ಒತ್ತುವವಳಲ್ಲ. ಪಾನಾ ಒಗೆದು ಓಡಿದ. ಅವಳ ತಲೆ ಸ್ಟೇರಿಂಗಿನ ಮೇಲಿತ್ತು, ಕಾಲು ಇನ್ನೂ ಪೆಡಲ್ ಮೇಲೆ. ಕಣ್ಣಿಗೆ ಸಾವ್ಕಾರನ ಕೂಲಿಂಗ್ ಗ್ಲಾಸು. ಓಣಿಯವರು ಓಡಿ ಬರುವ ಮೊದಲು ಅವನು ಮಾಡಿದ ಕೆಲಸ ಒಂದೇ. ಆ ಗ್ಲಾಸು ತೆಗೆದು, ಮಡಿಚಿ, ಮೊದಲಿದ್ದ ಜಾಗದಲ್ಲಿ ಇಟ್ಟದ್ದು.

ಅವಳನ್ನು ಎತ್ತಿ ಇಳಿಸುವ ಗಡಿಬಿಡಿಯಲ್ಲಿ ಯಾರ‍್ಯಾರದೋ ಕಾಲು ಪೆಡಲ್ ತುಳಿಯಿತು. ತಿರುಪು ತೆರೆದೇ ಇತ್ತು. ಎಣ್ಣೆಯೆಲ್ಲ ಬಾಟ್ಲಿಗೆ ಸೋರಿತು. ಬಾನೆಟ್ಟಿನೊಳಗಿನ ಎಣ್ಣೆ ಡಬ್ಬಿ ಒಣಗಿ, ಅಲ್ಲಿಂದ ಗಾಳಿ ಒಳಗೆ ಹೊಕ್ಕಿತು.

ಇಷ್ಟನ್ನೂ ತಾಯಪ್ಪ ಮಗನಿಗೆ ಕಾರಿನ ಹಿಂದೆ ನಿಂತು ಹೇಳಿದ. ಕೊನೆಗೆ, "ಕೂಲಿಂಗ್ ಗ್ಲಾಸಿಂದು ಯಾರ ಮುಂದೂ ಆಡಬ್ಯಾಡ," ಎಂದ. "ಮಂದಿ ನಗ್ತಾರ."

ನಕ್ಕರೆ ನಗಲಿ ಅಪ್ಪಾ, ಅವಳಿಗೆ ಬೇಕಾದದ್ದೂ ಅದೇ, ಎನ್ನಬೇಕೆನಿಸಿತು ಸುನೀಲಕುಮಾರನಿಗೆ.

*

ನಯೀಮ ಶಹಾಪುರದಿಂದ ಬಂದ. ಈ ಅಂಗಳದಲ್ಲಿಯೇ ಕೆಲಸ ಕಲಿತು ಅಲ್ಲಿ ಸ್ವಂತ ಗ್ಯಾರೇಜು ಹಾಕಿದವನು. ತಾಯಪ್ಪ ಅವನಿಗೆ ಫೋನ್ ಮಾಡಿದಾಗ ಎರಡೇ ಮಾತು ಆಡಿದ್ದ: ನಿಮ್ಮ ಚಾಚಿ ಹೋದ್ಲು; ಬರುವಾಗ ಸ್ಕ್ಯಾನರ್ ತಗೊಂಡ ಬಾ. ನಯೀಮ ಒಂದು ಕೈಯಲ್ಲಿ ಗುಲಾಬಿ ಹಾರ, ಇನ್ನೊಂದರಲ್ಲಿ ಸ್ಕ್ಯಾನರಿನ ಪೆಟ್ಟಿಗೆ ಹಿಡಿದು, ಯಾವುದನ್ನು ಮೊದಲು ಇಳಿಸಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತುಬಿಟ್ಟ. ಆಮೇಲೆ ಹಾರ ಹಾಕಿ, ಮುಖ ಮುಚ್ಚಿಕೊಂಡು ಅತ್ತ.

"ಚಾಚಿ ನನ್ನ ಟೋಪಿಗೆ ಗ್ರೀಸ್ ಹಚ್ಚಿದ್ಲು ಗೊತ್ತೇನ್ರಿ," ಎಂದ ಹೆಂಗಸರಿಗೆ. "ಈದಿನ ದಿನಾ!"

"ಬಾಯಿಲ್ಲದಾಕಿ ಅಂದ್ರಲ್ಲ, ಕೇಳ್ರಿ," ಎಂದ ಸುನೀಲಕುಮಾರ.

ನಯೀಮ ಕಣ್ಣೊರೆಸಿಕೊಂಡು ಕಾರಿಗೆ ಬಂದ. "ಎಬಿಎಸ್ ಗಾಡಿ ಚಾಚಾ ಇದು. ಗಾಲಿ ಜಾಮ್ ಆಗಬಾರದಂತ ಬ್ರೇಕ್ ತಾನೇ ಹಿಡದು ತಾನೇ ಬಿಡೂ ಡಬ್ಬಿ ಅದ ಒಳಗ. ಗಾಳಿ ಅದರಾಗ ಹೊಕ್ಕೈತಿ. ಬರೇ ಕಾಲಿಲೆ ಒತ್ತಿದ್ರ ಬರಾಂಗಿಲ್ಲ. ನಾ ಸ್ಕ್ಯಾನರ್‌ಲೆ ಡಬ್ಬಿ ಮೋಟರ್ ಓಡಸ್ತೀನಿ, ಒಬ್ಬರು ಒತ್ತಿ ಹಿಡಿಬೇಕು, ನೀ ನಿಪ್ಪಲ್ ಬಿಚ್ಚು."

"ಒತ್ತೂವರು ಯಾರು?" ಎಂದ ತಾಯಪ್ಪ. ಯಾರನ್ನೂ ನೋಡದೆ ಕೇಳಿದ.

ಸುನೀಲಕುಮಾರ ಡ್ರೈವರ್ ಬಾಗಿಲು ತೆಗೆದು ಒಳಗೆ ಕುಳಿತ. ಕುಳಿತ ಎನ್ನುವುದಕ್ಕಿಂತ ಸಿಕ್ಕಿಕೊಂಡ ಎನ್ನಬೇಕು. ಸೀಟು ಅವ್ವ ಎಳೆದುಕೊಂಡ ಜಾಗದಲ್ಲಿಯೇ ಇತ್ತು. ಅವನ ಮೊಳಕಾಲು ಸ್ಟೇರಿಂಗಿನ ಎರಡೂ ಕಡೆ ಮಿಡತೆಯಂತೆ ಮೇಲೆದ್ದವು. ಹಿಂದೆ ಸರಿಸುವ ಸರಳು ಕೈಗೆ ತಾಗಿತು. ಕೈ ತೆಗೆದುಬಿಟ್ಟ.

ದುರಗಮ್ಮ ಸೊಂಟದ ಮೇಲೆ ಕೈಯಿಟ್ಟು, ತಮ್ಮನಿಗೆ ಹುಚ್ಚು ಹಿಡಿಯಿತೆಂಬ ಮುಖ ಮಾಡಿ ನಿಂತಿದ್ದಳು. ಎಣ್ಣೆ ಡಬ್ಬಿಗೆ ಹೊಸ ಎಣ್ಣೆ ಬಿತ್ತು. ತಾಯಪ್ಪ ಹಿಂದಿನ ಎಡಗಾಲಿಯ ಬಳಿ ಕುಕ್ಕುರುಗಾಲಿನಲ್ಲಿ ಕುಳಿತ.

"ಒತ್ತು."

ಪೆಡಲ್ ಹಿಟ್ಟಿನ ಮುದ್ದೆಯಂತೆ ಒಳಗಿಳಿಯಿತು.

"ಹಿಡಿ."

ಸುನೀಲಕುಮಾರ ಹಿಡಿದ. ತಲೆ ಆಡಿಸಿದ. ಪಾನಾ ತಿರುಗುವ ಸದ್ದು ಬರಲಿಲ್ಲ.

"ಹಿಡಿ," ಎಂದ ತಾಯಪ್ಪ ಮತ್ತೆ.

"ಹಿಡದಾನ ಚಾಚಾ, ನಾ ನೋಡಾಕತ್ತೇನಿ," ಎಂದ ನಯೀಮ.

ತಾಯಪ್ಪ ಅಲುಗಲಿಲ್ಲ. ಪಾನಾ ತಿರುಪಿನ ಮೇಲೆ ಹಾಗೆಯೇ ಇತ್ತು. ಊರಿನ ಎಲ್ಲ ಹೀರೋಗಳ, ಎಲ್ಲ ಖಳರ ದನಿ ಮಾಡಬಲ್ಲ ಸುನೀಲಕುಮಾರನಿಗೆ ತನ್ನ ಸ್ವಂತ ದನಿ ಎಲ್ಲಿದೆಯೆಂದು ಹುಡುಕಲು ಅಷ್ಟು ಹೊತ್ತು ಹಿಡಿಯಿತು.

"ಹಿಡದೇನಿ," ಎಂದ.

ಪಾನಾ ತಿರುಗಿತು. ಸ್ಕ್ಯಾನರ್ ಒತ್ತಿದೊಡನೆ ಬಾನೆಟ್ಟಿನೊಳಗೆ ಮೋಟರು ಝುಯ್ಯೆಂದಿತು. ಪಾದದ ಕೆಳಗೆ ಪೆಡಲ್ ದಡದಡ ಒದೆಯಿತು, ಬಾನೆಟ್ಟಿನ ಒಳಗಿನಿಂದ ಯಾರೋ 'ಸರಿಯಾಗಿ ಹಿಡಿಯೋ' ಎಂದು ಕಾಲಿಗೆ ಗುದ್ದಿದಂತೆ. ಕೊಳವೆಯಲ್ಲಿ ಗುಳ್ಳೆಗಳು ಬುಳುಬುಳು ಬಂದವು.

"ಬಿಡು. ಒತ್ತು. ಹಿಡಿ."

"ಹಿಡದೇನಿ."

ಒಂದೊಂದೇ ಗಾಲಿಗೆ ಆ ಮಾತು ಸುತ್ತಿ ಬಂತು. ಹೆಂಗಸರ ಗುಂಪಿನಲ್ಲಿ ಮೊದಲಿಗೆ ಬಾಯಿಲ್ಲದವಳೆಂದು ಅತ್ತಿದ್ದ ಓಣಿಯಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. "ಯವ್ವಾ, ದಿನಾ ನಮ್ಮ ಅಡಗಿ ಮನಿತನಕ ಕೇಳತಿತ್ತು ಇದು," ಎಂದಳು. "ಹಿಡದೇನಿ, ಹಿಡದೇನಿ ಅಂತ. ನಾ ಏನೋ ಗಂಡಾಹೆಂಡ್ತಿ ಜಗಳ ಅಂತ ತಿಳಿದಿದ್ದೆ."

ಒಬ್ಬಿಬ್ಬರು ನಕ್ಕರು. ನಕ್ಕು, ಅಂಜಿ ಖುರ್ಚಿಯ ಕಡೆ ನೋಡಿದರು. ದುರಗಮ್ಮ ಸೊಂಟದ ಕೈ ಇಳಿಸಿದ್ದಳು.

ಪೆಡಲ್ ಈಗ ಕಲ್ಲಾಗಿತ್ತು.

*

ಗಾಲಿ ಕೂತವು, ಸ್ಟ್ಯಾಂಡು ಇಳಿದವು. ಖುರ್ಚಿಗೆ ಬಿದಿರು ಕಟ್ಟಿ ಮಾಡಿದ ಚಟ್ಟವೂ ಸಿದ್ಧವಾಗಿತ್ತು. ಪ್ರವೀಣಕುಮಾರ ಕೈ ಚಾಚಿದ.

"ಕೀಲಿ ಕೊಡು."

"ಟ್ರಯಲ್ ಆಗಿಲ್ರಿ," ಎಂದ ತಾಯಪ್ಪ.

"ಹೌದ್ರಿ," ಎಂದ ನಯೀಮ. "ಡಬ್ಬಿ ಕೆಲಸ ಮಾಡ್ತದೋ ಇಲ್ಲೋ ಇಳಿಜಾರ‍್ಯಾಗ ಗೊತ್ತಾಗೂದು."

"ಹಂಗಾರ ನೋಡಿ ಕೊಡ್ರಿ ಲಗೂ."

"ನೋಡ್ತೀನ್ರಿ." ತಾಯಪ್ಪ ಚಿಂದಿಗೆ ಕೈ ಒರೆಸಿಕೊಂಡ. "ನಮ್ಮದೊಂದು ಕಾಯಿದೆ ಅದ. ಒತ್ತಿದವರು ಮುಂದ ಕೂಡಬೇಕು."

"ಹುಡುಗ ಒತ್ಯಾನ. ಕೂಡಲಿ."

"ಕೂಡ್ತಾನ, ಹಿಂದ. ಶುರು ಮಾಡಿದಾಕಿ ಆಕಿ." ತಾಯಪ್ಪ ಖುರ್ಚಿಯ ಕಡೆ ಗದ್ದ ಎತ್ತಿದ. "ಮುಂದ ಆಕಿ ಕೂಡಬೇಕ್ರಿ."

ಪ್ರವೀಣಕುಮಾರನ ಮುಖಕ್ಕೆ ರಕ್ತ ಏರಿತು.

"ತಲಿ ನೆಟ್ಟಗದೇನೋ ನಿಂದು? ನನ್ನ ಗಾಡ್ಯಾಗ ಹೆಣಾ ಒಯ್ತಿ? ತಂಗಿ ಮದಿವಿ ಗಾಡಿ ಅದು! ಕೊಡು ಕೀಲಿ ಈಗಿಂದೀಗ!"

ಆಗ ಸುನೀಲಕುಮಾರನ ಬಾಯಿಗೆ ಬಂತು. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದು ಗಾಳಿ ಹೋದ ಕೊಳವೆಯಲ್ಲಿ ಎಣ್ಣೆ ಹರಿದಂತೆ ಸರಾಗವಾಗಿ ಬಂತು. ಅಪ್ಪನ ಕೈಯಿಂದ ಕೀಲಿ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಚಾಚಿದ.

"ತಗೋರಿ ಸಾವ್ಕಾರ್ರ. ನಿಮ್ಮ ಗಾಡಿ, ನಿಮ್ಮ ಕೀಲಿ. ಟ್ರಯಲ್ ಆಗಿಲ್ಲ, ನೀವ ಮಾಡ್ಕೋರಿ. ಮುಂದ ಇಳಿಜಾರದ. ಇಳಿಜಾರು ಮುಗಿದಲ್ಲಿ ನಮ್ಮ ಸುಡಗಾಡದ. ಅವ್ವಗ ತಗ್ಗು ತೋಡ್ಯಾರ. ಬಾಜೂಕ ಜಾಗ ಭಾಳದ, ನಿಮಗೂ ಒಂದು ತೋಡ ಅಂತ ಹೇಳ್ತೀನಿ. ಆದ್ರ ನೋಡ್ರಿ, ಅಲ್ಲಿ ಸುತ್ತೂ ನಮ್ಮ ಮಂದೀನ ಇರ್ತಾರ. ನಿಮ್ಮ ಹಿರೇರು ಬ್ಯಾಡ ಅಂದಾರು."

ಗುಂಪಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಯಾರೋ 'ಶ್' ಎಂದರು.

ಪ್ರವೀಣಕುಮಾರ ಕೀಲಿಯನ್ನು ನೋಡಿದ. ಅಂಗಳದ ಆಚೆ ರಸ್ತೆ ತಲೆ ಕೆಳಗಾಗಿ ಇಳಿಯುವುದನ್ನು ನೋಡಿದ. ಕೈ ಮುಂದೆ ಬರಲಿಲ್ಲ.

"ಒಯ್ಯಂವಗ ಧೈರ್ಯಿಲ್ಲ, ಬ್ಯಾಡ ಅನ್ನಂವಗ ಬಾಯಿ ಅದ," ಎಂದಳು ದುರಗಮ್ಮ. ಬೆಳಗಿನಿಂದ ಶಾಸ್ತ್ರ ಹೇಳುತ್ತಿದ್ದವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿದಳು. "ಏನ್ ನಿಂತೀರ್ಲೇ? ಎತ್ತರಿ ನಮ್ಮ ಮೋನವ್ವನ್ನ. ಕುಂತಾಳ ಹೆಂಗೂ, ಕುಂತಂಗೇ ಎತ್ತರಿ."

ಬಾಗಿಲು ತೆರೆಯಿತು. ಎಡಗಡೆಯ ಮುಂದಿನ ಸೀಟಿನಲ್ಲಿ ಮೋನಮ್ಮ ಕುಳಿತಳು; ಹಾರ ತೊಡೆಯ ಮೇಲೆ ಬಿತ್ತು. ಸುನೀಲಕುಮಾರ ಹಿಂದಿನಿಂದ ಅವಳ ಹೆಗಲು ಹಿಡಿದ. ತಾಯಪ್ಪ ಡ್ರೈವರ್ ಸೀಟಿಗೆ ಏರಿ, ಅದನ್ನು ಸರಿಸದೆ, ಮೊಳಕಾಲು ಮಡಚಿ ಕುಳಿತು ಬೆಲ್ಟು ಕಟ್ಟಿಕೊಂಡ.

ಚಟ್ಟ ಖಾಲಿ ಉಳಿಯಿತು. ದುರಗಮ್ಮ ಅದರ ಮುಂದಿನ ಬಿದಿರಿನ ತುದಿಯನ್ನು ಪ್ರವೀಣಕುಮಾರನ ಇಸ್ತ್ರಿಯ ಹೆಗಲಿಗೆ ತಂದು ಇಟ್ಟಳು.

"ಗಾಡಿ ಹಿಂದ ನಡಕೋತ ಬರಾಂವ ಅದಿ ಹೆಂಗೂ. ಖಾಲಿ ಹೆಗಲು ಯಾಕ? ಹಿಡಿ."

ಇಡೀ ಓಣಿ ಅವನನ್ನೇ ನೋಡುತ್ತಿತ್ತು. ಅವನು ಹಿಡಿದ.

"ಹಿಡದೇನಿ ಅನ್ರಿ," ಎಂದಿತು ಹೆಂಗಸರ ಗುಂಪು.

ತಾಯಪ್ಪ ಕೀಲಿ ತಿರುವಿದ. ಎಂಜಿನ್ ಹತ್ತಿತು. ಒಡನೆಯೇ ಟಿಂಗ್, ಟಿಂಗ್, ಟಿಂಗ್ ಎಂದು ಗಾಡಿ ಕೂಗತೊಡಗಿತು.

"ಏನಾತದಕ? ಏನ ಕೆಡಸೀರಿ?" ಎಂದ ಪ್ರವೀಣಕುಮಾರ ಬಿದಿರಿನ ಕೆಳಗಿನಿಂದ.

ನಯೀಮ ಕಿಟಕಿಯಲ್ಲಿ ಬಗ್ಗಿ ನೋಡಿದ. ಮೀಟರಿನ ಮೇಲೆ ಬೆಲ್ಟು ಕಟ್ಟಿಕೊಂಡ ಮನುಷ್ಯನ ಕೆಂಪು ಗುರುತು ಮಿಣುಕುತ್ತಿತ್ತು. "ಏನೂ ಕೆಟ್ಟಿಲ್ರಿ. ಮುಂದ ಕುಂತವರು ಬೆಲ್ಟ್ ಹಾಕಿಲ್ಲ ಅನ್ನಾಕತ್ತದ."

"ಮುಂದ ಯಾರೂ ಇಲ್ಲ—" ಎಂದವನು ಅಲ್ಲಿಗೇ ಬಾಯಿ ಮುಚ್ಚಿದ.

ಟಿಂಗ್, ಟಿಂಗ್, ಟಿಂಗ್. ಗಾಡಿ ಒಪ್ಪಲಿಲ್ಲ. ಸುನೀಲಕುಮಾರ ಹಿಂದಿನಿಂದ ಕೈ ಚಾಚಿ ಬೆಲ್ಟು ಎಳೆದು, ಗುಲಾಬಿ ಹಾರದ ಮೇಲಿಂದ, ಅವ್ವನ ಎದೆಯ ಮೇಲಿಂದ ತಂದು ಸಿಕ್ಕಿಸಿದ. ಟಕ್. ಗಾಡಿ ಸುಮ್ಮನಾಯಿತು.

ಕಾರು ಇಳಿಜಾರಿಗೆ ಮೂಗು ಹಾಕಿತು. ಹಿಂದೆ ಹಲಗೆ ಬಡಿಯುತ್ತ, ಹೂವು ಚೆಲ್ಲುತ್ತ ಮಂದಿ. ಅವರ ಮುಂದೆ, ಓಣಿಯ ಹುಡುಗರ ಜೊತೆ ಖಾಲಿ ಖುರ್ಚಿ ಹೊತ್ತು ಪ್ರವೀಣಕುಮಾರ. ಬುಡದಲ್ಲಿ, ಸುಡುಗಾಡಿನ ಗೇಟಿನ ಮುಂದೆ ರಸ್ತೆಯೆಲ್ಲ ಸಣ್ಣ ಕಲ್ಲು. ತಾಯಪ್ಪ ಇದ್ದಷ್ಟು ಬಲದಿಂದ ತುಳಿದ. ಪೆಡಲ್ ಗರಗರ ಎಂದು ಕಾಲಿಗೆ ಒದೆಯಿತು. ಗಾಲಿ ಜಾರಲಿಲ್ಲ, ಗಾಡಿ ನೆಟ್ಟಗೆ, ಗಕ್ಕನೆ ನಿಂತಿತು.

ಮೋನಮ್ಮನ ಮೈ ಒಮ್ಮೆ ಮುಂದಕ್ಕೆ ಬಾಗಿತು. ಬೆಲ್ಟು ಹಿಡಿಯಿತು. ಹಿಂದಕ್ಕೆ ಬಂದು ಸೀಟಿಗೆ ಆನಿತು.

ತಾಯಪ್ಪ ಆ 'ಹೂಂ' ನೋಡಿದ. ಎಂಜಿನ್ ಆರಿಸಿ, ಕೀಲಿ ಕಿತ್ತು, ಹಿಂದೆ ತಿರುಗದೆ ಕಿಟಕಿಯಿಂದ ಕೈ ಹೊರಗೆ ಚಾಚಿದ.

ಹಲಗೆಯ ಸದ್ದು ಹತ್ತಿರ ಬಂದು ನಿಂತಿತು. ಪ್ರವೀಣಕುಮಾರ ಏದುಸಿರು ಬಿಡುತ್ತ ಬಾಗಿಲ ಬಳಿ ಬಂದಿದ್ದ. ಅವನ ಎರಡೂ ಕೈ ಬಿದಿರಿನ ಮೇಲಿದ್ದವು. ಕೀಲಿ ತಾಯಪ್ಪನ ಬೆರಳಲ್ಲಿ ತೂಗುತ್ತಲೇ ಇತ್ತು.